ಆರು ಅಡಿ ಅಕ್ವೇರಿಯಂಗೆ ಯಾವ ಪಂಪು, ಯಾವ ಪೈಪು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟದ ಹಳೇ ಮನೆ. ಜಗಲಿ ಪಕ್ಕದ ಕೋಣೆಯಲ್ಲಿ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಮಾಡಿಸುತ್ತಿದ್ದೇನೆ. ಗಾಜು ಕತ್ತರಿಸಿ ಆಗಿದೆ, ಇನ್ನೂ ಅಂಟಿಸಿಲ್ಲ. ಸ್ಟ್ಯಾಂಡ್ ಎರಡೂವರೆ ಅಡಿ ಎತ್ತರ. ಅದರೊಳಗೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಸಂಪ್, ಅಂದರೆ ಫಿಲ್ಟರ್ ಮತ್ತು ಪಂಪ್ ಕೂರುವ ಕೆಳಗಿನ ತೊಟ್ಟಿ, ಬರುತ್ತದೆ. ಅಂಗಡಿಯವರು ಎರಡು ಪಂಪ್ ತೋರಿಸಿದರು. ಎರಡರ ಡಬ್ಬದ ಮೇಲೂ ಗಂಟೆಗೆ 6000 ಲೀಟರ್ ಅಂತಲೇ ಇದೆ, ಬೆಲೆಯಲ್ಲಿ ಮಾತ್ರ ಬಹಳ ವ್ಯತ್ಯಾಸ. ಪ್ಲಂಬರ್ ಅರ್ಧ ಇಂಚಿನ ಪೈಪ್ ಸಾಕು ಅನ್ನುತ್ತಾರೆ. ಅಣ್ಣ ತೋಟದ ಅರ್ಧ ಎಚ್‌ಪಿ ಮೋಟರನ್ನೇ ಹಾಕು ಅನ್ನುತ್ತಾನೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಒಮ್ಮೊಮ್ಮೆ ಎರಡು ದಿನ ಬರುವುದಿಲ್ಲ. ಟ್ಯಾಂಕಿನಲ್ಲಿ ನೀರು ಹೊಳೆಯ ಹಾಗೆ ಓಡಬೇಕು ಅಂತ ನನಗೆ ಆಸೆ. ಏನು ಮಾಡಲಿ?

ಉತ್ತರ: ನಮಸ್ಕಾರ. ಗಾಜು ಇನ್ನೂ ಅಂಟಿಸಿಲ್ಲ ಅಂದಿರಲ್ಲ, ಬಹಳ ಒಳ್ಳೆಯದಾಯಿತು. ತೂತು ಕೊರೆಯುವ ಕೆಲಸ ಈಗಲೇ ಮುಗಿಯಬೇಕು. ಟ್ಯಾಂಕ್ ಎದ್ದು ನಿಂತ ಮೇಲೆ ಅದು ಕಷ್ಟ.

ನೀವು ಪಂಪಿನಿಂದ ಶುರು ಮಾಡಿದ್ದೀರಿ. ನಾನು ಕೊನೆಯ ಸಾಲಿಗೆ ಮೊದಲು ಬರುತ್ತೇನೆ, ಅಂದರೆ ಕರೆಂಟಿಗೆ. ಮಲೆನಾಡಿನಲ್ಲಿ ಟ್ಯಾಂಕ್ ಇಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ರಾತ್ರಿ ಎರಡು ಗಂಟೆಗೆ ಪಂಪ್ ನಿಂತರೆ ಮೇಲಿನ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ? ಇದಕ್ಕೆ ಸರಿಯಾದ ಉತ್ತರ ಸಿಕ್ಕಮೇಲೆ ಪೈಪ್ ಯಾವುದು ಅಂತ ಗೊತ್ತಾಗುತ್ತದೆ. ಪೈಪ್ ಗೊತ್ತಾದ ಮೇಲೆ ಪಂಪ್.

ನನ್ನ ಮೊದಲ ದೊಡ್ಡ ಟ್ಯಾಂಕಿನಲ್ಲಿ ನಾನು ಇದನ್ನು ಯೋಚಿಸಿರಲಿಲ್ಲ. ರಿಟರ್ನ್ ಪೈಪಿನ, ಅಂದರೆ ಸಂಪಿನಿಂದ ನೀರನ್ನು ಮೇಲಿನ ಟ್ಯಾಂಕಿಗೆ ತರುವ ಪೈಪಿನ, ಬಾಯನ್ನು ನೀರಿನೊಳಗೆ ಒಂದು ಗೇಣು ಆಳಕ್ಕೆ ಇಳಿಸಿದ್ದೆ. ಹಾಗಿದ್ದರೆ ಸದ್ದು ಬರುವುದಿಲ್ಲ, ನೋಡಲೂ ಚೆನ್ನ. ಆರಿದ್ರಾ ಮಳೆಯ ಒಂದು ರಾತ್ರಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಬೆಳಿಗ್ಗೆ ಎದ್ದರೆ ಕೋಣೆಯ ತುಂಬಾ ನೀರು, ಕೆಳಗಿನ ಎರಡು ಶೆಲ್ಫಿನ ಪುಸ್ತಕವೆಲ್ಲ ನೆನೆದಿದ್ದವು. ಮೀನು ಉಳಿದವು, ಅದೊಂದು ಸಮಾಧಾನ. ಪಂಪಿಗೇನೂ ಆಗಿರಲಿಲ್ಲ. ತಪ್ಪು ನಾನು ಪೈಪ್ ಇಟ್ಟ ರೀತಿಯದ್ದು.

ಆಗಿದ್ದು ಇಷ್ಟೇ. ಪಂಪ್ ಓಡುವಾಗ ರಿಟರ್ನ್ ಪೈಪ್ ನೀರನ್ನು ಮೇಲಕ್ಕೆ ತರುತ್ತದೆ. ಪಂಪ್ ನಿಂತ ಕೂಡಲೇ ಅದೇ ಪೈಪ್ ಸೈಫನ್ ಆಗಿ, ಮೇಲಿನ ನೀರನ್ನು ಕೆಳಗೆ ಎಳೆಯತೊಡಗುತ್ತದೆ. ಡ್ರಮ್ಮಿನಿಂದ ಪೈಪಿನಲ್ಲಿ ಬಾಯಿಂದ ಎಳೆದು ನೀರು ಇಳಿಸುತ್ತೇವಲ್ಲ, ಅದೇ ಕ್ರಮ. ಪೈಪಿನ ಬಾಯಿ ನೀರಿನಿಂದ ಮೇಲೆ ಬಂದು ಗಾಳಿ ಹೊಕ್ಕಾಗ ಮಾತ್ರ ಅದು ನಿಲ್ಲುತ್ತದೆ.

ನಿಮ್ಮ ಟ್ಯಾಂಕಿಗೆ ಲೆಕ್ಕ ಹಾಕೋಣ. 6 ಅಡಿಗೆ 2 ಅಡಿ ಅಂದರೆ ನೀರು ಒಂದು ಸೆಂಟಿಮೀಟರ್ ಇಳಿದರೆ ಸುಮಾರು 11 ಲೀಟರ್ ಕೆಳಗೆ ಬರುತ್ತದೆ. ರಿಟರ್ನ್ ಬಾಯಿ 3 ಸೆಂ.ಮೀ. ಆಳದಲ್ಲಿದ್ದರೆ 33 ಲೀಟರ್. ಓವರ್‌ಫ್ಲೋ ಪೆಟ್ಟಿಗೆಯಲ್ಲಿ (ಸಂಪಿಗೆ ಇಳಿಯುವ ಮೊದಲು ಟ್ಯಾಂಕಿನ ನೀರು ಬಂದು ಬೀಳುವ ಪೆಟ್ಟಿಗೆ), ಪೈಪಿನಲ್ಲಿ ಉಳಿದಿದ್ದೂ ಸೇರಿದರೆ 50 ಲೀಟರ್ ಅನ್ನಿ. ನಿಮ್ಮ ಸಂಪಿನಲ್ಲಿ ಒಂದು ಸೆಂಟಿಮೀಟರ್ ಅಂದರೆ ಐದೂವರೆ ಲೀಟರ್, ಹಾಗಾಗಿ 50 ಲೀಟರಿಗೆ ನೀರು 9 ಸೆಂ.ಮೀ. ಏರುತ್ತದೆ. ಸಂಪಿನ ಎತ್ತರ 45 ಸೆಂ.ಮೀ. ಪಂಪ್ ಓಡುವಾಗ ಅದರಲ್ಲಿ ನೀರು 25 ಸೆಂ.ಮೀ. ಇಟ್ಟುಕೊಂಡರೆ, ನಿಂತಾಗ 34ಕ್ಕೆ ಬಂದು ನಿಲ್ಲುತ್ತದೆ. ನಿಶ್ಚಿಂತೆ.

ಅದೇ ಬಾಯಿ 30 ಸೆಂ.ಮೀ. ಆಳದಲ್ಲಿದ್ದರೆ? 330 ಲೀಟರಿಗೂ ಹೆಚ್ಚು ಕೆಳಗೆ ಬರುತ್ತದೆ. ಸಂಪಿನಲ್ಲಿ ಖಾಲಿ ಇರುವುದು 110 ಲೀಟರಿನಷ್ಟು ಜಾಗ. ಮಿಕ್ಕ 200 ಲೀಟರಿಗೂ ಜಾಸ್ತಿ ನೀರು ನಿಮ್ಮ ಕೋಣೆಯ ನೆಲಕ್ಕೆ.

ಆದ್ದರಿಂದ ರಿಟರ್ನ್ ಬಾಯಿ ನೀರಿನ ಮಟ್ಟಕ್ಕಿಂತ 2-3 ಸೆಂ.ಮೀ. ಮಾತ್ರ ಕೆಳಗಿರಲಿ. ಕೆಲವರು ಪೈಪನ್ನು ಆಳಕ್ಕೆ ಇಳಿಸಿ, ನೀರಿನ ಮಟ್ಟದ ಹತ್ತಿರ ಒಂದು ಸಣ್ಣ ತೂತು ಕೊರೆಯುತ್ತಾರೆ. ಅದರಲ್ಲಿ ಗಾಳಿ ಹೊಕ್ಕು ಸೈಫನ್ ಮುರಿಯಲಿ ಅಂತ. ಉಪಾಯ ಸರಿಯೇ. ಆದರೆ ಆ ತೂತಿನಲ್ಲಿ ಪಾಚಿ ಕಟ್ಟುತ್ತದೆ, ಸಣ್ಣ ಬಸವನಹುಳು ಸೇರಿಕೊಳ್ಳುತ್ತದೆ. ನಾನ್ ರಿಟರ್ನ್ ವಾಲ್ವ್ ಹಾಕಿದರೂ ಇದೇ ಕಥೆ. ಒಂದು ಮರಳಿನ ಕಾಳು ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲ, ರಾತ್ರಿಯಿಡೀ ನೀರು ಇಳಿಯುತ್ತದೆ. ಇವೆರಡನ್ನೂ ಹೆಚ್ಚುವರಿ ಕಾವಲು ಅಂತ ಇಟ್ಟುಕೊಳ್ಳಿ. ನಂಬಿ ಮಲಗಬೇಕಾದ್ದು ಪೈಪಿನ ಬಾಯಿಯ ಎತ್ತರವನ್ನು ಮಾತ್ರ.

ನೆಲ ನೆನೆಯುವುದಕ್ಕೆ ಇನ್ನೊಂದು ದಾರಿಯೂ ಇದೆ, ಅದು ಇದರ ತಿರುವುಮುರುವು. ಕರೆಂಟ್ ಇದೆ, ಪಂಪ್ ಓಡುತ್ತಿದೆ, ಆದರೆ ಮೇಲಿನಿಂದ ನೀರು ಇಳಿಯುವ ಪೈಪಿಗೆ ಒಂದು ಎಲೆ ಅಡ್ಡ ಸಿಕ್ಕಿತು. ಆಗ ಪಂಪ್, ಸಂಪಿನಲ್ಲಿ ಅಡ್ಡಗಾಜು ಹಾಕಿ ಮಾಡಿದ ಕೊನೆಯ ಕೋಣೆಯನ್ನು ಖಾಲಿ ಮಾಡಿ ಮೇಲಕ್ಕೆ ಸುರಿಯುತ್ತಲೇ ಇರುತ್ತದೆ. ಅದಕ್ಕೇ ಪಂಪ್ ಕೂರುವ ಕೋಣೆ ಚಿಕ್ಕದಿರಬೇಕು. ಸಂಪಿನ ಉದ್ದದಲ್ಲಿ ಬರೀ 30 ಸೆಂ.ಮೀ. ಅದಕ್ಕೆ ಕೊಡಿ. ಪಂಪ್ ಎಳೆಯಬಹುದಾದ ನೀರು 20 ಸೆಂ.ಮೀ. ಅಂದುಕೊಂಡರೆ 27 ಲೀಟರ್ ಆಯಿತು. ಅಷ್ಟೂ ಮೇಲೆ ಹೋದರೂ ನಿಮ್ಮ ಟ್ಯಾಂಕ್ ಏರುವುದು ಎರಡೂವರೆ ಸೆಂ.ಮೀ. ಟ್ಯಾಂಕಿನ ಅಂಚಿನಿಂದ ಕೆಳಗೆ 4-5 ಸೆಂ.ಮೀ. ಖಾಲಿ ಬಿಟ್ಟಿದ್ದರೆ ಒಂದು ಹನಿಯೂ ಹೊರಗೆ ಬೀಳುವುದಿಲ್ಲ. ಪಂಪ್ ಒಣಗಿ ಓಡಿ ಸುಡದಂತೆ ಆ ಕೋಣೆಗೆ ಒಂದು ಫ್ಲೋಟ್ ಸ್ವಿಚ್ ಹಾಕಿಬಿಡಿ.

ಇನ್ನು ನೀರು ಇಳಿಯುವ ಪೈಪು. ಒಂದೇ ಪೈಪ್ ಹಾಕುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ದೊಡ್ಡ ಟ್ಯಾಂಕಿಗೆ ಎರಡು ಪೈಪ್ ಇರಲೇಬೇಕು. ಇದಕ್ಕೆ ಹರ್ಬಿ ಪದ್ಧತಿ ಅನ್ನುತ್ತಾರೆ. ಓವರ್‌ಫ್ಲೋ ಪೆಟ್ಟಿಗೆಯೊಳಗೆ ಒಂದು ಪೈಪ್ ತಗ್ಗಿನಲ್ಲಿ, ಇನ್ನೊಂದು ಎತ್ತರದಲ್ಲಿ. ತಗ್ಗಿನದಕ್ಕೆ ಕೆಳಗಡೆ ಗೇಟ್ ವಾಲ್ವ್ ಹಾಕಿ, ಪೈಪಿನಲ್ಲಿ ಗಾಳಿಯೇ ಇಲ್ಲದ ಹಾಗೆ ನೀರು ತುಂಬಿ ಇಳಿಯುವಷ್ಟು ತಿರುಗಿಸಿಕೊಳ್ಳುವುದು. ಗಾಳಿ ಇಲ್ಲದಿದ್ದರೆ ಗುಳುಗುಳು ಸದ್ದೂ ಇಲ್ಲ. ಎತ್ತರದ ಪೈಪ್ ಸುಮ್ನೆ ಕಾಯುತ್ತಿರುತ್ತದೆ. ಮೊದಲನೆಯದು ಕಟ್ಟಿದರೆ ಪೂರ್ತಿ ನೀರನ್ನು ಅದು ಇಳಿಸಬೇಕು. ಹಾಗಾಗಿ ಅದಕ್ಕೆ ವಾಲ್ವ್ ಹಾಕಲೇಬೇಡಿ. ಮೂರು ಪೈಪಿನ ಬೀನ್ ಅನಿಮಲ್ ಪದ್ಧತಿ ಇನ್ನೂ ಭದ್ರ, ಆದರೆ ನಿಮ್ಮ ಅಳತೆಗೆ ಎರಡು ಸಾಕು. ತಗ್ಗಿನದು ಒಂದೂಕಾಲು ಇಂಚು, ಎತ್ತರದ್ದು ಒಂದೂವರೆ ಇಂಚು ಇರಲಿ.

ಇಲ್ಲಿ ಬಾಲ್ ವಾಲ್ವ್ ಬೇಡ, ಗೇಟ್ ವಾಲ್ವೇ ಬೇಕು. ಬಾಲ್ ವಾಲ್ವಿನ ಹಿಡಿ ಕೂದಲೆಳೆಯಷ್ಟು ಸರಿದರೂ ನೀರಿನ ಲೆಕ್ಕ ಬಹಳ ಬದಲಾಗುತ್ತದೆ. ಗೇಟ್ ವಾಲ್ವನ್ನು ಕಾಲು ಸುತ್ತು, ಅರ್ಧ ಸುತ್ತು ಅಂತ ನಿಧಾನವಾಗಿ ಹೊಂದಿಸಬಹುದು. ತಗ್ಗಿನ ಪೈಪಿನ ತುದಿ ಸಂಪಿನ ನೀರಿನಲ್ಲಿ 2-3 ಸೆಂ.ಮೀ. ಮಾತ್ರ ಮುಳುಗಿರಲಿ. ಆಳಕ್ಕೆ ಮುಳುಗಿಸಿದರೆ, ಕರೆಂಟ್ ಬಂದಾಗ ಪೈಪಿನಲ್ಲಿರುವ ಗಾಳಿ ಹೊರಗೆ ಹೋಗಲಾಗದೆ ಸೈಫನ್ ಹಿಡಿಯುವುದೇ ಇಲ್ಲ. ಅಬ್ಬಿ ನೀರಿನ ಪೈಪಿನಲ್ಲಿ ಗಾಳಿ ಸಿಕ್ಕಿ ನೀರು ಬರದೆ ಒದ್ದಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಅಬ್ಬಿ ನೀರಿನ ಮಾತು ಬಂತು. ಗುಡ್ಡದಿಂದ ಮನೆಗೆ ನೀರು ತರುವಾಗ ಪೈಪ್ ಸಣ್ಣದಾದರೆ ಏನಾಗುತ್ತದೆ ಅಂತ ನಿಮ್ಮ ಅಣ್ಣನಿಗೆ ಚೆನ್ನಾಗಿ ಗೊತ್ತಿರುತ್ತದೆ. ಮೇಲೆ ಎಷ್ಟೇ ನೀರಿರಲಿ, ಕೆಳಗೆ ಬರುವುದು ಬೆರಳು ಗಾತ್ರವೇ. ಪೈಪಿನ ಗೋಡೆಗೆ ಉಜ್ಜಿ ಉಜ್ಜಿ ನೀರಿನ ಒತ್ತಡ ಕಳೆದುಹೋಗುತ್ತದೆ. ಪಂಪಿನ ಪೈಪಿನಲ್ಲೂ ಆಗುವುದು ಅದೇ.

ಎಷ್ಟು ನೀರು ಬೇಕು ಅಂತ ಮೊದಲು ನೋಡೋಣ. ನಿಮ್ಮ ಟ್ಯಾಂಕಿನ ಹೊರ ಅಳತೆ 680 ಲೀಟರ್. ಗಾಜಿನ ದಪ್ಪ, ಮರಳು, ಮೇಲಿನ ಖಾಲಿ ಜಾಗ ಕಳೆದರೆ ನೀರು ಸುಮಾರು 600 ಲೀಟರ್. ಸಿಹಿನೀರಿನ ಟ್ಯಾಂಕಿನಲ್ಲಿ ಗಂಟೆಗೆ ನಾಲ್ಕೈದು ಸಲ ನೀರು ಸಂಪಿನ ಮೂಲಕ ಹಾದುಬಂದರೆ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಅಂದರೆ ಗಂಟೆಗೆ 2400ರಿಂದ 3000 ಲೀಟರ್. ಇದು ಟ್ಯಾಂಕಿಗೆ ನಿಜವಾಗಿ ಬಂದು ಬೀಳಬೇಕಾದ ನೀರು. ಡಬ್ಬದ ಮೇಲಿನ ಅಂಕಿ ಬೇರೆಯೇ.

ಎತ್ತರ ನೋಡಿ. ಸ್ಟ್ಯಾಂಡ್ 76 ಸೆಂ.ಮೀ., ಟ್ಯಾಂಕ್ 61 ಸೆಂ.ಮೀ. ಸಂಪಿನ ನೀರಿನ ಮಟ್ಟದಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ ಹೆಚ್ಚುಕಮ್ಮಿ 1.1 ಮೀಟರ್. ಪಂಪ್ ಸಂಪಿನ ತಳದಲ್ಲಿ ಕೂತಿದ್ದರೂ ಎತ್ತರ ಅಳೆಯುವುದು ನೀರಿನ ಮಟ್ಟದಿಂದಲೇ. ಇದರ ಮೇಲೆ ಪೈಪಿನ ಉಜ್ಜಾಟದ ನಷ್ಟ ಸೇರುತ್ತದೆ, ಅದನ್ನೂ ಎತ್ತರದ ಲೆಕ್ಕದಲ್ಲೇ ಹೇಳುವುದು. ಗಂಟೆಗೆ 3000 ಲೀಟರ್, ಒಂದೂವರೆ ಮೀಟರಿನಷ್ಟು ಪೈಪು, ಮೂರು ಎಲ್ಬೋ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ಒಂದು ಇಂಚಿನ ಪೈಪಿನಲ್ಲಿ ನಷ್ಟ ಸುಮಾರು ಅರ್ಧ ಮೀಟರ್. ಮುಕ್ಕಾಲು ಇಂಚಿನಲ್ಲಿ ಸುಮಾರು ಒಂದೂವರೆ ಮೀಟರ್. ನಿಮ್ಮ ಪ್ಲಂಬರ್ ಹೇಳಿದ ಅರ್ಧ ಇಂಚಿನಲ್ಲಿ ಐದು ಮೀಟರ್! ಎರಡಂತಸ್ತಿನ ಮನೆಯ ಮೇಲಕ್ಕೆ ನೀರೆತ್ತಿದ ಹಾಗೆ. ಪ್ಲಂಬರ್ ಮೇಲೆ ಬೇಸರ ಬೇಡ. ನಲ್ಲಿಗೆ ಅರ್ಧ ಇಂಚು ಸರಿಯಾದ ಅಳತೆಯೇ, ಅಲ್ಲಿ ಬಕೆಟ್ ತುಂಬಿದರೆ ಆಯಿತು. ಇಲ್ಲಿ ಕೆಲಸ ಬೇರೆ.

ಎಲ್ಬೋ ಕೂಡ ಕಡಿಮೆ ಇರಲಿ. ಒಂದು ಇಂಚಿನ ಒಂದು ಎಲ್ಬೋ ಮುಕ್ಕಾಲು ಮೀಟರ್ ಉದ್ದದ ಪೈಪಿನಷ್ಟು ನೀರನ್ನು ತಡೆಯುತ್ತದೆ. ಜಾಗ ಇದ್ದಲ್ಲಿ ಒಂದು 90 ಡಿಗ್ರಿಯ ಎಲ್ಬೋ ಬದಲು 45 ಡಿಗ್ರಿಯದ್ದು ಎರಡು ಹಾಕಿ.

ಈಗ ಆ ಎರಡು ಡಬ್ಬಗಳು. ಡಬ್ಬದ ಮೇಲೆ 6000 ಲೀಟರ್ ಅಂತ ಇರುವುದು ಎತ್ತರವೇ ಇಲ್ಲದಾಗ ಬರುವ ನೀರು. ಪಕ್ಕದಲ್ಲಿ ಎಚ್-ಮ್ಯಾಕ್ಸ್ ಅಂತ ಇನ್ನೊಂದು ಅಂಕಿ ಇರುತ್ತದೆ. ಆ ಎತ್ತರದಲ್ಲಿ ನೀರು ಸೊನ್ನೆ. ಇವೆರಡರ ನಡುವೆ ನಮ್ಮ ಎತ್ತರ ಎಲ್ಲಿ ಬರುತ್ತದೆ ಅಂತ ನೋಡಬೇಕು. ನಿಮಗೆ ಬೇಕಿರುವುದು 1.1 ಮೀಟರಿಗೆ ನಷ್ಟ ಸೇರಿಸಿ 1.6 ಮೀಟರ್. ಎಚ್-ಮ್ಯಾಕ್ಸ್ 4 ಮೀಟರ್ ಇರುವ ಪಂಪ್ ಅಲ್ಲಿ ಅಂದಾಜು 3600 ಲೀಟರ್ ಕೊಡುತ್ತದೆ. ಎಚ್-ಮ್ಯಾಕ್ಸ್ ಎರಡೂವರೆ ಮೀಟರ್ ಇದ್ದರೆ ಸಿಗುವುದು 2100-2200 ಲೀಟರ್ ಮಾತ್ರ. ಇದು ನೇರ ಗೆರೆ ಎಳೆದು ಮಾಡಿದ ಒರಟು ಲೆಕ್ಕ. ಕಂಪನಿ ಪಂಪಿನ ಗ್ರಾಫ್ ಕೊಟ್ಟಿದ್ದರೆ ಅದನ್ನೇ ನೋಡಿ. ಬೆಲೆಯ ವ್ಯತ್ಯಾಸಕ್ಕೆ ಕಾರಣ ಇದೇ ಇರಬಹುದು, ಅಥವಾ ಒಂದು ಎಸಿ, ಇನ್ನೊಂದು ಡಿಸಿ ಇರಬಹುದು. ಎರಡೂ ಡಬ್ಬಗಳನ್ನು ತಿರುಗಿಸಿ ಎಚ್-ಮ್ಯಾಕ್ಸ್ ಮತ್ತು ವ್ಯಾಟ್ ಬರೆದುಕೊಂಡು ಬನ್ನಿ. 6000 ಲೀಟರ್, ಎಚ್-ಮ್ಯಾಕ್ಸ್ 4 ಮೀಟರ್ ಆಸುಪಾಸು ಇರುವುದನ್ನು ಆರಿಸಿ.

ನಾನಾದರೆ ಡಿಸಿ ಪಂಪನ್ನೇ ತೆಗೆದುಕೊಳ್ಳುತ್ತೇನೆ. ಕಂಟ್ರೋಲರಿನಲ್ಲಿ ವೇಗ ಹೊಂದಿಸಬಹುದು, ಸದ್ದು ಕಡಿಮೆ, ಕರೆಂಟೂ ಕಡಿಮೆ. 24 ಗಂಟೆಯೂ ಓಡುವ ಯಂತ್ರ ಇದು. 40 ವ್ಯಾಟಿನ ಪಂಪ್ ತಿಂಗಳಿಗೆ 29 ಯೂನಿಟ್ ತೆಗೆದುಕೊಂಡರೆ 80 ವ್ಯಾಟಿನದು 58 ತೆಗೆದುಕೊಳ್ಳುತ್ತದೆ. ನಿಮ್ಮದು ಗೃಹಜ್ಯೋತಿಯಲ್ಲಿರುವ ಮೀಟರ್ ಆದರೆ ಈ ಯೂನಿಟ್‌ಗಳನ್ನು ಮೊದಲೇ ಕೂಡಿಸಿ ನೋಡಿಕೊಳ್ಳಿ. ಅಣ್ಣ ಹೇಳಿದ ಅರ್ಧ ಎಚ್‌ಪಿ ಮೋಟರ್ 373 ವ್ಯಾಟ್. ದಿನಕ್ಕೆ 9 ಯೂನಿಟ್, ತಿಂಗಳಿಗೆ 270! ಅದು ಬಾವಿಯಿಂದ ಮೇಲಿನ ಟ್ಯಾಂಕಿಗೆ ನೀರು ಎತ್ತಿ ನಿಲ್ಲುವ ಯಂತ್ರ, ಹಗಲೂ ರಾತ್ರಿ ಓಡುವುದಕ್ಕೆ ಮಾಡಿದ್ದಲ್ಲ. ಕೂಲರಿನ ಪಂಪೂ ಬೇಡ.

ಡಿಸಿ ಪಂಪಿನ ನಿಜವಾದ ಉಪಯೋಗ ನಿಮಗೆ ಮಳೆಗಾಲದಲ್ಲಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಇರುತ್ತದೆ. ಬ್ಯಾಟರಿಯ ಆಯಸ್ಸು ನೋಡಿಕೊಂಡು ಅರ್ಧ ಬಳಸಿದರೆ 900. ಕರೆಂಟ್ ಹೋದ ಕೂಡಲೇ ಪಂಪನ್ನು 20 ವ್ಯಾಟಿಗೆ ಇಳಿಸಿದರೆ ಲೆಕ್ಕದಲ್ಲಿ 45 ಗಂಟೆ. ಇನ್ವರ್ಟರ್ ತನಗೇ ತಿನ್ನುವುದು, ಮನೆಯ ಒಂದೆರಡು ಲೈಟು ಕಳೆದು ಒಂದು ದಿನ ಅಂತ ಇಟ್ಟುಕೊಳ್ಳಿ. ಪಂಪನ್ನು 20 ವ್ಯಾಟಿಗಿಂತ ಕೆಳಗೆ ಇಳಿಸಬೇಡಿ. ವೇಗ ಇಳಿಸಿದಂತೆ ನೀರು ಏರುವ ಎತ್ತರ ಬಹಳ ಬೇಗ ಕುಸಿಯುತ್ತದೆ, ಆಮೇಲೆ ಪಂಪ್ ತಿರುಗುತ್ತಿದ್ದರೂ ನೀರು ಮೇಲೆ ಬರುವುದಿಲ್ಲ. ಎರಡನೇ ದಿನಕ್ಕೆ ಬ್ಯಾಟರಿ ಹಾಕುವ ಸಣ್ಣ ಏರ್ ಪಂಪ್ ಒಂದಿರಲಿ. ಮೀನಿಗೆ ಆಗ ಮುಖ್ಯವಾಗಿ ಬೇಕಾದ್ದು ಗಾಳಿ. ಆ ಎರಡು ದಿನ ಆಹಾರ ಹಾಕದಿದ್ದರೂ ನಡೆಯುತ್ತದೆ. ಎಸಿ ಪಂಪನ್ನೇ ಕೊಂಡರೆ ಇನ್ವರ್ಟರ್ ಸೈನ್ ವೇವ್ ಇರಬೇಕು. ಸ್ಕ್ವೇರ್ ವೇವಿನಲ್ಲಿ ಪಂಪ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

ಡಿಸಿಯ ಒಂದು ದೌರ್ಬಲ್ಯವನ್ನೂ ಹೇಳಬೇಕು. ಸಿಡಿಲಿಗೆ ಅದರ ಅಡಾಪ್ಟರ್, ಕಂಟ್ರೋಲರ್ ಬೇಗ ಹೋಗುತ್ತವೆ. ಗುಡುಗಿನ ದಿನ ಪ್ಲಗ್ ತೆಗೆದಿಡುವ ಅಭ್ಯಾಸ ನಿಮ್ಮ ಮನೆಯಲ್ಲೂ ಇರುತ್ತದೆ. ಒಂದು ಅಗ್ಗದ ಎಸಿ ಪಂಪನ್ನು ಅಟ್ಟದ ಮೇಲೆ ಇಟ್ಟಿರಿ. ಇನ್ನು ಹಳೇ ಮನೆ ಅಂದಿರಿ, ವೈರಿಂಗೂ ಹಳೆಯದಿರಬಹುದು. ಅರ್ತಿಂಗ್ ಪರೀಕ್ಷೆ ಮಾಡಿಸಿ, ಆ ಕೋಣೆಯ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಇದನ್ನು ಮಾಡಿಸದೆ ಟ್ಯಾಂಕಿಗೆ ನೀರು ತುಂಬಬೇಡಿ, ದಯವಿಟ್ಟು.

ಪೈಪ್ ತರುವಾಗ ಒಂದು ಎಚ್ಚರ. ತೋಟಕ್ಕೆ ಹಾಕುವ ಬೂದು ಬಣ್ಣದ ಪಿವಿಸಿ ಪೈಪಿನ ಅಳತೆ ಎಂ.ಎಂ.ನಲ್ಲಿ, ಅದೂ ಹೊರ ಅಳತೆ. ಮನೆಯ ಬಿಳಿ ಯುಪಿವಿಸಿ ಇಂಚಿನಲ್ಲಿ. 32 ಎಂ.ಎಂ. ತೋಟದ ಪೈಪ್ ಒಂದು ಇಂಚಿನ ಯುಪಿವಿಸಿ ಫಿಟ್ಟಿಂಗಿಗೆ ಕೂತ ಹಾಗೆ ಕಾಣುತ್ತದೆ, ಆದರೆ ಸಡಿಲ. ಗಮ್ ಹಾಕಿ ತುಂಬಿಸಿದರೂ ಒಂದು ದಿನ ಸೋರುತ್ತದೆ. ಸಿಪಿವಿಸಿಯ ಅಳತೆ ಮತ್ತೂ ಬೇರೆ. ಅದರ ಒಂದು ಇಂಚಿನ ಪೈಪಿನ ಒಳಗಾತ್ರ 23-24 ಎಂ.ಎಂ. ಅಷ್ಟೇ. ಬಿಸಿನೀರು ಇಲ್ಲದಲ್ಲಿ ಅದು ಬೇಕಿಲ್ಲ. ಎಲ್ಲವನ್ನೂ ಯುಪಿವಿಸಿಯಲ್ಲಿ, ಶೆಡ್ಯೂಲ್ 40 ದಪ್ಪದಲ್ಲಿ ತನ್ನಿ. ಸಾಲ್ವೆಂಟೂ ಯುಪಿವಿಸಿಯದ್ದೇ ಇರಲಿ. ಅಂಟಿಸಿ ಒಂದು ಪೂರ್ತಿ ದಿನ ಒಣಗಲು ಬಿಡಿ.

ಹಿತ್ತಾಳೆಯ ತಿರುಪು ಇರುವ ಫಿಟ್ಟಿಂಗ್ ಕೊಟ್ಟರೆ ಬೇಡ ಅನ್ನಿ. ಮಲೆನಾಡಿನ ನೀರು ಮೆದು, ಸ್ವಲ್ಪ ಹುಳಿಯ ಕಡೆಗೂ ಇರುತ್ತದೆ. ಅಂಥ ನೀರು ಲೋಹವನ್ನು ಬೇಗ ಕರಗಿಸಿಕೊಳ್ಳುತ್ತದೆ. ಹಿತ್ತಾಳೆಯಲ್ಲಿ ತಾಮ್ರವಿದೆ. ಸಿಗಡಿ, ಬಸವನಹುಳುವಿಗೆ ತಾಮ್ರ ವಿಷ, ಮೆದು ನೀರಿನಲ್ಲಿ ಮೀನಿಗೂ ಒಳ್ಳೆಯದಲ್ಲ. ಇದೇ ಕಾರಣಕ್ಕೆ ಅಡಿಕೆ ಮನೆಯವರಿಗೆ ನಾನು ಯಾವಾಗಲೂ ಹೇಳುವ ಮಾತೊಂದಿದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಹೋಸು, ಮೈಲುತುತ್ತ ಕಲಸಿದ ಡ್ರಮ್ಮು, ಆ ಬಕೆಟ್ಟು, ಯಾವುದನ್ನೂ ಟ್ಯಾಂಕಿನ ಹತ್ತಿರ ತರಬೇಡಿ. ಎಷ್ಟು ತೊಳೆದರೂ ಬೇಡ. ಟ್ಯಾಂಕಿಗೆ ಬೇರೆಯೇ ಬಕೆಟ್ ಇಡಿ, ಮನೆಯವರಿಗೆಲ್ಲ ಹೇಳಿಡಿ.

ಪಂಪಿನಿಂದ ಹೊರಡುವಲ್ಲಿ ಒಂದು ಗೇಣು ಸಿಲಿಕಾನ್ ಹೋಸ್ ಹಾಕಿದರೆ ಪಂಪಿನ ನಡುಕ ಸ್ಟ್ಯಾಂಡಿಗೆ ಹೋಗುವುದಿಲ್ಲ. ಅದರ ಮೇಲೆ ಒಂದು ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಜೋಡಣೆ), ಒಂದು ಬಾಲ್ ವಾಲ್ವ್. ಪಂಪ್ ತೊಳೆಯಲು ಮೂರು ತಿಂಗಳಿಗೊಮ್ಮೆ ತೆಗೆಯಲೇಬೇಕು, ಯೂನಿಯನ್ ಇಲ್ಲದಿದ್ದರೆ ಪ್ರತಿ ಸಲ ಪೈಪ್ ಕತ್ತರಿಸಬೇಕಾಗುತ್ತದೆ. ಗಾಜಿನ ತೂತಿಗೆ ಟ್ಯಾಂಕ್ ನಿಪ್ಪಲ್ ಹಾಕುವಾಗ ರಬ್ಬರ್ ವಾಷರ್ ಅಗಲ ತಲೆಯ ಕಡೆಗೆ ಬರಲಿ, ಕೈಯಲ್ಲಿ ಬಿಗಿದು ಮೇಲೆ ಕಾಲು ಸುತ್ತು ಸಾಕು. ನಿಪ್ಪಲ್ಲುಗಳನ್ನು ಮೊದಲು ಕೊಂಡು, ಗಾಜಿನವರ ಕೈಗೇ ಕೊಟ್ಟು ಅಳತೆ ತೆಗೆಸಿ. ತೂತಿನ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕನಿಷ್ಠ ಒಂದು ತೂತಿನಷ್ಟು ಅಗಲ ಬಿಡಬೇಕು. ಟಫನ್ ಮಾಡಿದ ಗಾಜಾದರೆ ಕೊರೆಯುವಂತೆಯೇ ಇಲ್ಲ, ಡ್ರಿಲ್ ತಾಗಿದರೆ ಪುಡಿಯಾಗುತ್ತದೆ. ಕೇಳಿ ಖಚಿತ ಮಾಡಿಕೊಳ್ಳಿ.

ಹೊಳೆಯ ಓಟದ ಆಸೆ ನನಗೂ ಅರ್ಥವಾಗುತ್ತದೆ. ಚಿಬ್ಬಲಗುಡ್ಡೆಯಲ್ಲಿ ತುಂಗೆಯ ನೀರಿಗೆ ಎದುರಾಗಿ ನಿಂತ ಮೀನುಗಳನ್ನು ನೋಡಿದ ಯಾರಿಗೂ ಅದು ಬರುತ್ತದೆ. ಆದರೆ ಅದಕ್ಕಾಗಿ ರಿಟರ್ನ್ ಪಂಪನ್ನು ದೊಡ್ಡದು ಮಾಡಬೇಡಿ. ಅದು ಪ್ರತಿ ಲೀಟರನ್ನೂ ಒಂದು ಮೀಟರಿಗಿಂತ ಜಾಸ್ತಿ ಎತ್ತಬೇಕು. ಟ್ಯಾಂಕಿನೊಳಗೇ ಒಂದು ವೇವ್‌ಮೇಕರ್ ಅಂಟಿಸಿದರೆ ಹತ್ತಿಪ್ಪತ್ತು ವ್ಯಾಟಿನಲ್ಲಿ ಗಂಟೆಗೆ ಸಾವಿರಾರು ಲೀಟರ್ ನೀರನ್ನು ಓಡಿಸುತ್ತದೆ, ಯಾಕಂದರೆ ಅದು ಏನನ್ನೂ ಎತ್ತುತ್ತಿಲ್ಲ. ಉದ್ದಕ್ಕೆ ಒಂದು ತುದಿಯಲ್ಲಿ ಇಡಿ, ಇನ್ನೊಂದು ತುದಿಯಲ್ಲಿ ಕಲ್ಲು ಜೋಡಿಸಿ ಮೀನಿಗೆ ತಂಗಲು ಜಾಗ ಮಾಡಿಕೊಡಿ. ಮತ್ತೆ, ಹೊಳೆಯ ದೊಡ್ಡ ಮೀನಾದ ಮಹಶೀರ್ ಮರಿ ತರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಆರು ಅಡಿ ಅದಕ್ಕೆ ಏನೇನೂ ಸಾಲದು.

ಎಲ್ಲ ಜೋಡಿಸಿದ ಮೇಲೆ ಮೀನು ಬಿಡುವ ಮೊದಲು ಒಂದು ವಾರ ಬರೀ ನೀರಿನಲ್ಲಿ ಓಡಿಸಿ. ಮೊದಲ ದಿನವೇ ಪ್ಲಗ್ ಕಿತ್ತು, ಸಂಪಿನ ನೀರು ಏರಿ ನಿಲ್ಲುವವರೆಗೆ ಪಕ್ಕದಲ್ಲೇ ಕೂತು ನೋಡಿ. ಅದು ನಿಂತ ಜಾಗಕ್ಕೆ ಗಾಜಿನ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಮತ್ತೆ ಹಾಕಿ, ಓಡುವಾಗಿನ ಮಟ್ಟಕ್ಕೆ ಇನ್ನೊಂದು ಗೆರೆ. ಹೀಗೆ ನಾಲ್ಕೈದು ಸಲ ಮಾಡಿ. ಪ್ರತಿ ಸಲವೂ ನೀರು ಅದೇ ಎರಡು ಗೆರೆಗೆ ಬಂದು ನಿಲ್ಲಬೇಕು, ತಗ್ಗಿನ ಪೈಪ್ ತಾನಾಗಿಯೇ ಸೈಫನ್ ಹಿಡಿಯಬೇಕು. ಆಮೇಲೆ ತಗ್ಗಿನ ಪೈಪಿನ ಬಾಯಿಗೆ ಕೈಯಡ್ಡ ಹಿಡಿದು, ಎತ್ತರದ ಪೈಪ್ ಒಂದೇ ಪೂರ್ತಿ ನೀರು ಇಳಿಸುತ್ತದೆಯೇ ನೋಡಿ. ಸಂಪಿಗೆ ನೀರು ಸೇರಿಸುವವರು ಮನೆಯಲ್ಲಿ ಯಾರೇ ಇರಲಿ, ಪಂಪ್ ಓಡುವಾಗ ಕೆಳಗಿನ ಗೆರೆ ದಾಟಿಸಬಾರದು ಅಂತ ತೋರಿಸಿಕೊಡಿ.